ಎಲುಬಿನ ಬಾಯಿ, ಬಿದಿರಿನ ಗಂಟಲು

ವಾಕೋ ಎಂದರೆ ನಮ್ಮ ಕಡೆ ಯಾರಿಗೂ ಗುರುತು ಹತ್ತುವುದಿಲ್ಲ. ಟೋಕಿಯೋದ ವಾಯವ್ಯ ಅಂಚಿಗೆ ಒತ್ತಿಕೊಂಡಿರುವ, ಸೈತಾಮಾ ಪ್ರಾಂತಕ್ಕೆ ಸೇರಿದ ಸಣ್ಣ ನಗರ ಅದು. ಮಗಳು, ಅಳಿಯಂದಿರು ಅಲ್ಲಿದ್ದಾರೆ. ಅವರ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆ. ಬಂದವರೆಲ್ಲ ಫುಜಿ ಪರ್ವತ ನೋಡಿದಿರಾ, ಬುಲೆಟ್ ರೈಲು ಹತ್ತಿದಿರಾ ಎಂದು ಕೇಳುತ್ತಾರೆ. ಎರಡೂ ಆಯಿತು. ಆದರೆ ನನ್ನ ತಲೆಯಲ್ಲಿ ಕೂತು ಬಂದದ್ದು ಬೇರೆ: ಒಂದು ಗೇಣುದ್ದದ ಬಿದಿರು ಕಡ್ಡಿ.

ವಾಕೋ ನಿಲ್ದಾಣದಿಂದ ರಿಕೆನ್ ಎಂಬ ದೊಡ್ಡ ಸಂಶೋಧನಾಲಯಕ್ಕೆ ಹೋಗುವ ದಾರಿಗೆ ನಿಹೋನಿಯಂ ರಸ್ತೆ ಎಂದು ಹೆಸರು. 113ನೇ ಮೂಲಧಾತುವನ್ನು ಹುಟ್ಟಿಸಿದ್ದು ಆ ಸಂಶೋಧನಾಲಯದಲ್ಲಿ. ಸತುವಿನ ಪರಮಾಣುಗಳನ್ನು ಬಿಸ್ಮತ್ತಿನ ಮೇಲೆ ವರ್ಷಗಟ್ಟಲೆ ಹೊಡೆದರು. 2004ರಿಂದ 2012ರೊಳಗೆ ಕೈಗೆ ಸಿಕ್ಕದ್ದು ಮೂರೇ ಮೂರು ಪರಮಾಣು. 2016ರಲ್ಲಿ ಅದಕ್ಕೆ ತಮ್ಮ ದೇಶದ ಹೆಸರಿಟ್ಟರು. ಆ ನೆನಪಿಗೆ ಕಾಲುದಾರಿಯುದ್ದಕ್ಕೂ ಒಂದೊಂದು ಮೂಲಧಾತುವಿಗೆ ಒಂದೊಂದು ಫಲಕ ಹುಗಿದಿದ್ದಾರೆ. ನಿಲ್ದಾಣದ ಕಡೆ ಜಲಜನಕ, ನಡೆದಂತೆಲ್ಲ ಭಾರದ ಧಾತುಗಳು. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ರಸಾಯನ ವಿಜ್ಞಾನ ಕಲಿಸಿದವನಿಗೆ ಇದಕ್ಕಿಂತ ಚಂದದ ಬೀದಿ ಬೇಕೆ? ದಿನಾ ಸಂಜೆ ಮೊಮ್ಮಗನ ಕೈ ಹಿಡಿದು ಹೊರಟುಬಿಡುತ್ತಿದ್ದೆ. ಅವನು ಫಲಕದಿಂದ ಫಲಕಕ್ಕೆ ಜಿಗಿಯುವನು, ನಾನು ಹೆಸರು ಹೇಳುತ್ತ ಬರುವೆ.

“ಅಜ್ಜಾ, ಇವನ್ನ ಕೂಡಿಸಿದ್ರ ಏನಾಗತೇತಿ?”

“ಹದಿನೈದು, ಇಪ್ಪತ್ತು ಕೂಡಿದ್ರ ಎಲುಬು. ಇಪ್ಪತ್ತೊಂಬತ್ತು, ಮೂವತ್ತು ಕೂಡಿದ್ರ ಹಿತ್ತಾಳಿ.”

ರಂಜಕ, ಸುಣ್ಣದ ಧಾತು, ತಾಮ್ರ, ಸತು. ಏನೋ ಹೊಳೆದದ್ದು ಹೇಳಿದೆ, ಅಷ್ಟೇ. ಒಂದು ವಾರದೊಳಗೆ ಆ ನಾಲ್ಕೂ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಬಂದು ಕೂರುತ್ತವೆ ಎಂದು ನನಗಾದರೂ ಏನು ಗೊತ್ತಿತ್ತು.

ವಾಕೋದಿಂದ ಟೋಬು ಟೋಜೊ ಮಾರ್ಗದ ರೈಲು ಹತ್ತಿದರೆ ಕವಾಗೋಯೆ ಎಂಬ ಹಳೆಯ ಊರು ಸಿಗುತ್ತದೆ. ಅಲ್ಲಿನ ನಾರಿತಾ ದೇವಾಲಯದ ಅಂಗಳದಲ್ಲಿ ಪ್ರತಿ ತಿಂಗಳು 28ಕ್ಕೆ ಹಳೆ ಸಾಮಾನಿನ ಸಂತೆ ನೆರೆಯುತ್ತದೆ. ನೆಲದ ಮೇಲೆ ತಾಡಪಲ್ ಹಾಸಿ ಅಜ್ಜಿಯ ಕಾಲದ ಬಟ್ಟಲು, ಬಾಚಣಿಗೆ, ಕಬ್ಬಿಣದ ಕೆಟಲು, ತುಂಡು ರೇಷ್ಮೆ ಎಲ್ಲ ಹರಡಿರುತ್ತಾರೆ. ನಮ್ಮ ಕಡೆ ಜಾತ್ರೆಯ ಕೊನೆಯ ದಿನ ಉಳಿದ ಅಂಗಡಿಗಳ ಹಾಗೆ. ಅಲ್ಲಿ ಒಬ್ಬ ಮುದುಕಿಯ ಮುಂದೆ ಒಂದು ಉದ್ದ ಕೊಳವೆ ಬಿದ್ದಿತ್ತು. ಎರಡು ತುದಿಗೆ ಹಿತ್ತಾಳೆ, ನಡುವೆ ಬಿದಿರು. ಒಂದು ತುದಿ ಮೇಲಕ್ಕೆ ಬಾಗಿ, ಕಡಲೆಕಾಳು ಹಿಡಿಸುವಷ್ಟು ಪುಟ್ಟ ಬಟ್ಟಲಾಗಿತ್ತು. ಅದರ ಜೊತೆಗೆ ಒಂದು ಚರ್ಮದ ಚೀಲ. ಅಳಿಯಂದಿರು ಅದನ್ನು ಎತ್ತಿ ನನ್ನ ಕೈಗಿಟ್ಟರು: “ಮಾವಾರ, ಇದು ಕಿಸೆರು. ಹಿಂದಕ ಇಲ್ಲಿ ಮಂದಿ ತಂಬಾಕ ಸೇದತಿದ್ರಲ್ಲ, ಅದು.”

ಬೆರಳ ಮೇಲಿಟ್ಟರೆ ಹಕ್ಕಿಯಷ್ಟು ಹಗುರ. ಬಿದಿರು ಉದ್ದಕ್ಕೂ ಕೂದಲೆಳೆಯಂತೆ ಬಿರಿದಿತ್ತು. ನಾನು ಬೀಡಿ ಸೇದಿದವನಲ್ಲ, ಎಲೆಗೆ ಹೊಗೆಸೊಪ್ಪು ಹಚ್ಚಿದವನೂ ಅಲ್ಲ. ಆದರೂ ಅದನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಮುದುಕಿ ಚೀಲವನ್ನೂ ಸೇರಿಸಿಯೇ ಕೊಟ್ಟಳು.

ಪೋರ್ಚುಗೀಸರು 16ನೇ ಶತಮಾನದ ಕೊನೆಗೆ ತಂಬಾಕನ್ನು ಜಪಾನಿಗೆ ತಂದರು. 1612ರಲ್ಲಿ ಷೋಗನ್ ಸರಕಾರ ಅದನ್ನು ನಿಷೇಧಿಸಿತು. ಮತ್ತೆ ಮತ್ತೆ ನಿಷೇಧಿಸಿತು. ಜನ ಕೇಳಲಿಲ್ಲ. ಎಲೆಯನ್ನು ಕೂದಲಿನಷ್ಟು ಸಣ್ಣಗೆ ಹೆಚ್ಚಿ, ಉಗುರಿನಿಂದ ಪುಟ್ಟ ಉಂಡೆ ಮಾಡಿ ಬಟ್ಟಲಿಗಿಟ್ಟು ಎರಡು ಮೂರು ದಮ್ಮು ಎಳೆದು, ಬೂದಿಯನ್ನು ಬಿದಿರ ಕೊಳಗಕ್ಕೆ ಟಕ್ಕೆಂದು ಕುಟ್ಟಿಬಿಡುವುದು ಅವರ ರೂಢಿ. ಬಟ್ಟಲಿರುವ ತುದಿಗೆ ಕಾಡು ಹೆಬ್ಬಾತಿನ ಕತ್ತು ಎಂದು ಹೆಸರಿಟ್ಟಿದ್ದಾರೆ. ನೋಡಿದರೆ ಹೌದು, ನೀರಿನಿಂದ ಕತ್ತೆತ್ತಿದ ಬಾತೇ. ಬಾಯಿಗಿಡುವ ತುದಿ ಸುಯಿಕುಚಿ, ಎಂದರೆ ಹೀರುವ ಬಾಯಿ. ನಡುವಿನ ಬಿದಿರು ಕೊಳವೆಯ ಹೆಸರು ಕೇಳಿದಾಗ ನನಗೆ ಕಿವಿ ನೆಟ್ಟಗಾಯಿತು. ಅದು ರಾವ್!

ನಮ್ಮಲ್ಲಿ ರಾವ್ ಎಂದರೆ ರಾಯರು. ಅಲ್ಲಿ ರಾವ್ ಎಂದರೆ ಲಾವೋಸ್ ದೇಶ. ಚುಕ್ಕೆ ಚುಕ್ಕೆಯ ಚಂದದ ಬಿದಿರು ಲಾವೋಸಿನಿಂದ ಬರುತ್ತಿತ್ತಂತೆ. ಜಪಾನಿ ನಾಲಿಗೆಗೆ ಲಕಾರ ಹೊರಳದೆ ಅದು ರಕಾರವಾಗಿ, ದೇಶದ ಹೆಸರೇ ಕೊಳವೆಗೆ ನಿಂತಿತು. ಕಿಸೆರು ಎಂಬ ಹೆಸರೂ ಕಾಂಬೋಡಿಯಾದ ಖ್ಮೇರ್ ಭಾಷೆಯದೆಂದು ಬಲ್ಲವರು ಹೇಳುತ್ತಾರೆ. ಎಲೆ ಅಮೆರಿಕದ್ದು, ತಂದವರು ಪೋರ್ಚುಗೀಸರು, ಹೆಸರು ಕಾಂಬೋಡಿಯಾದ್ದು, ಬಿದಿರು ಲಾವೋಸಿನದು, ಲೋಹದ ಕೆಲಸ ಮಾತ್ರ ಅವರ ಮನೆಯದು. ನಿಗಾತಾ ಪ್ರಾಂತದ ತ್ಸುಬಾಮೆ ಎಂಬ ಊರು ಕಿಸೆರು ಲೋಹಕ್ಕೆ ಹೆಸರಾದದ್ದು.

ಈಗ ಮೇಷ್ಟರ ಬುದ್ಧಿ. ಎಲ್ಲವನ್ನೂ ಲೋಹದಲ್ಲೇ ಮಾಡಿದರೆ ಆಗದೇ? ಮಾಡುತ್ತಾರೆ. ಇಡಿಯಾಗಿ ಬೆಳ್ಳಿಯ ಕಿಸೆರು ಉಂಟು. ಆದರೆ ಬೆಳ್ಳಿ ಬಿಸಿಯನ್ನು ಕ್ಷಣದಲ್ಲಿ ತುದಿಯಿಂದ ತುದಿಗೆ ಸಾಗಿಸುತ್ತದೆ, ತುಟಿಗೆ ಬಿಸಿ ತಟ್ಟುತ್ತದೆ. ಬಿದಿರು ಬಿಸಿಯನ್ನು ಮುಂದೆ ಬಿಡುವುದಿಲ್ಲ. ಕೆಂಡ ಮುಟ್ಟುವ ಕಡೆ ಲೋಹ, ಹಲ್ಲು ಕಚ್ಚುವ ಕಡೆ ಲೋಹ, ನಡುವೆ ಹೊಗೆ ತಣಿಯಲು ಬಿದಿರು. ಹೊಗೆ ತಣಿಯುವಾಗ ಅದರೊಳಗಿನ ನೀರು, ಎಣ್ಣೆಯಂಥ ಕರಿ ಅಂಟು ಎಲ್ಲ ಕೊಳವೆಯ ಒಳಮೈಗೆ ಹತ್ತಿಕೊಳ್ಳುತ್ತದೆ. ದಿನ ಕಳೆದಂತೆ ಕೊಳವೆ ಕಟ್ಟುತ್ತದೆ. ಲೋಹವನ್ನು ಮಕ್ಕಳು ಮೊಮ್ಮಕ್ಕಳ ತನಕ ಬಳಸಬಹುದು, ಬಿದಿರನ್ನು ಮಾತ್ರ ಆಗಾಗ ಬದಲಿಸಲೇಬೇಕು. ಯಾರ ಕಣ್ಣಿಗೂ ಬೀಳದ ನಡುವಿನ ತುಂಡೇ ಎಲ್ಲ ಕೊಳೆಯನ್ನೂ ತನ್ನೊಳಗೆ ಹಿಡಿದುಕೊಂಡು ಸವೆಯುವುದು. ಈ ತುಂಡಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಅದಕ್ಕೆ.

ಜಪಾನಿನಲ್ಲಿ ಟಿಕೆಟ್ಟಿನ ಒಂದು ಮೋಸಕ್ಕೂ ಕಿಸೆರು ಎಂದೇ ಹೆಸರು. ಹತ್ತುವ ಕಡೆ ನಾಲ್ಕು ನಿಲ್ದಾಣಕ್ಕೆ, ಇಳಿಯುವ ಕಡೆ ನಾಲ್ಕು ನಿಲ್ದಾಣಕ್ಕೆ ದುಡ್ಡು ಕೊಟ್ಟು ನಡುವಿನ ದಾರಿಯನ್ನು ನುಂಗಿಹಾಕುವುದು. ಅವರ ಭಾಷೆಯಲ್ಲಿ ಲೋಹಕ್ಕೂ ದುಡ್ಡಿಗೂ ಒಂದೇ ಮಾತು, ‘ಕಾನೆ’. ಎರಡು ತುದಿಗೆ ಕಾನೆ, ನಡುವೆ ಬರೀ ಟೊಳ್ಳು. ಅಳಿಯಂದಿರು ಇದನ್ನು ಕವಾಗೋಯೆಯಿಂದ ಮರಳುವಾಗ ರೈಲಿನಲ್ಲೇ ಹೇಳಿದರು. ಕಿಸೆರು ಸೇದುವವರೇ ಕಾಣದ ಕಾಲದಲ್ಲೂ ಅದರ ಮೈಕಟ್ಟು ಮಾತಿನಲ್ಲಿ ಉಳಿದುಬಿಟ್ಟಿದೆ. ನಮ್ಮಲ್ಲಿ ಒರಳು ಹೋಗಿಯೂ ‘ಒರಳಿಗೆ ತಲೆ ಕೊಟ್ಟ ಮೇಲೆ’ ಎಂಬ ಮಾತು ಉಳಿದ ಹಾಗೆ.

ಕೊಳವೆ ಬದಲಿಸಲೆಂದೇ ರಾವ್‌ಯಾ ಎಂಬ ಕಸುಬಿನವರಿದ್ದರು. ಮೊದಲು ಪೆಟ್ಟಿಗೆ ಹೊತ್ತು ಕೂಗುತ್ತ ಬರುತ್ತಿದ್ದರು. ಆಮೇಲೆ ತಳ್ಳುಗಾಡಿ ಬಂತು. ಗಾಡಿಯ ಮೇಲೆ ಪುಟ್ಟ ಬಾಯ್ಲರು, ಅದರ ಹಬೆಯಿಂದ ಸದಾ ‘ಪೀ…’ ಎಂದು ಸೀಟಿ. ಆ ಹಬೆಯನ್ನೇ ಕೊಳವೆಯೊಳಗೆ ಹಾಯಿಸಿ ಅಂಟು ಕರಗಿಸುತ್ತಿದ್ದರು. ನಮ್ಮೂರಿಗೆ ಕಲಾಯಿಯವನು ಬಂದರೆ ಓಣಿಯ ಹೆಂಗಸರೆಲ್ಲ ಹಿತ್ತಾಳೆ ಪಾತ್ರೆ ಹೊತ್ತು ಓಡುತ್ತಿದ್ದರಲ್ಲ, ಹಾಗೆ ಆ ಸೀಟಿ ಕೇಳಿ ಗಂಡಸರು ಕಿಸೆರು ಹಿಡಿದು ಬಾಗಿಲಿಗೆ ಬರುತ್ತಿದ್ದಿರಬೇಕು. ಇಡೀ ಊರಿನ ಹೊಗೆಯ ಗಂಟಲು ಶುದ್ಧ ಮಾಡುತ್ತ ಬಾಳಿದ ಜನ ಅವರು. ಆ ಕಸುಬು ಈಗ ಹೆಚ್ಚು ಕಡಿಮೆ ಮುಗಿದಂತೆಯೇ.

ರಾವ್‌ಯಾ ಬರುವಂತಿಲ್ಲ. ನಾನೇ ಕೂತೆ. ಕೆಟಲಿನಲ್ಲಿ ನೀರು ಕುದಿಸಿ, ಮೂತಿಯ ಹಬೆಗೆ ಹಿತ್ತಾಳೆಯ ತುದಿ ಹಿಡಿದೆ. ಲೋಹ ಕಾದು ಹಿಗ್ಗಬೇಕು, ಹಳೆಯ ಅಂಟು ಸಡಿಲಾಗಬೇಕು. ಬಟ್ಟೆ ಸುತ್ತಿ ಮೆಲ್ಲಗೆ ತಿರುವಿದೆ. ಮೊದಲು ಜಗ್ಗಲಿಲ್ಲ. ಮತ್ತೆ ಹಬೆ. ಮೂರನೆಯ ಸಲ ‘ಗಿರ್’ ಎಂದು ತಿರುಗಿ ಬಿಚ್ಚಿಕೊಂಡಿತು. ಬಿದಿರಿನ ತುದಿಗೆ ಕಾಗದದ ಪಟ್ಟಿ ಸುತ್ತಿದ್ದರು, ಬಿಗಿಯಾಗಲೆಂದು. ಕಾಗದದ ಮೇಲೆ ಯಾವುದೋ ಪುಸ್ತಕದ ಅರ್ಧ ಅಕ್ಷರ, ಹೊಗೆ ಕುಡಿದು ಕಂದಾಗಿತ್ತು. ಬಿದಿರಿನ ಕೊಳವೆಯನ್ನು ಬೆಳಕಿಗೆ ಹಿಡಿದರೆ ಬೆಳಕೇ ಕಾಣದು. ಒಳಗೆ ಕಾಡಿಗೆಯಂಥ ಗೆರೆ. ತಂತಿ ತೂರಿಸಿ ಎಳೆದಾಗ ಕರಿ ಬೆಲ್ಲದ ಪಾಕದಂಥದು ತಂತಿಗೆ ಹತ್ತಿ ಬಂತು. ಅದರ ಜೊತೆಗೇ ವಾಸನೆಯೂ ಬಂತು.

ಆ ವಾಸನೆಗೆ ನಾನು ವಾಕೋದ ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ ಇರಲಿಲ್ಲ. ಶಿಗ್ಗಾವಿ ತಾಲೂಕಿನ ನಮ್ಮ ಮನೆಯ ಪಡಸಾಲೆಯಲ್ಲಿದ್ದೆ. ಕಂಬಕ್ಕೊರಗಿ ಅಜ್ಜ ಕೂತಿದ್ದ.

ನಮ್ಮ ಅಜ್ಜ ಗುಡುಗುಡಿ ಸೇದುತ್ತಿದ್ದ. ತೆಂಗಿನ ಕರಟದ ಗುಡುಗುಡಿ. ಅರ್ಧ ನೀರು, ಮೇಲೆ ಮಣ್ಣಿನ ಚಿಲುಮೆ, ಪಕ್ಕದಲ್ಲಿ ನಳಿಗೆ. ಬೀದರಿನ ನಕ್ಕಾಸಿ ಕೆಲಸದ ಗುಡುಗುಡಿ ತಳಗಳನ್ನು ಈಗ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನೊಳಗೆ ಇಡುತ್ತಾರೆ, ಕರಿ ಲೋಹದಲ್ಲಿ ಬೆಳ್ಳಿಯ ಹೂಬಳ್ಳಿ. ನಮ್ಮಂಥವರ ಮನೆಗೆ ಕರಟವೇ ಬೀದರಿ. ಪರ್ಷಿಯಾದವರು ಹೊಗೆಯ ಯಂತ್ರಕ್ಕೆ ನಾರ್ಗಿಲೆ ಎಂದು ಹೆಸರಿಟ್ಟದ್ದು ತೆಂಗಿನಕಾಯಿಯ ಹೆಸರಿನಿಂದಲೇ, ನಮ್ಮ ನಾರಿಕೇಳದ ಬಳಗದ ಮಾತದು. ಶಿಶುನಾಳ ನಮ್ಮೂರಿಗೆ ಹತ್ತಿರ. ಶರೀಫ ಸಾಹೇಬರು ಗುಡುಗುಡಿಯ ಮೇಲೇ ಒಂದು ತತ್ತ್ವಪದ ಕಟ್ಟಿದ್ದಾರೆ. ಅಜ್ಜ ಒಂದೊಂದು ದಮ್ಮಿನ ನಡುವೆ ಅದರ ಒಂದೊಂದು ನುಡಿ ಗುನುಗುತ್ತಿದ್ದ. ದೇಹವೇ ಗುಡುಗುಡಿ ಎಂಬ ಅರ್ಥ ನನಗೆ ತಿಳಿದದ್ದು ಅವನು ಹೋದ ಮೇಲೆ. ಕೊನೆಯ ವರ್ಷ ಅವನ ಎದೆ ರಾತ್ರಿಯೆಲ್ಲ ಗುಡುಗುಡಿಸುತ್ತಿತ್ತು. ಮನೆಮಂದಿಯೆಲ್ಲ ಎಚ್ಚರಿರುತ್ತಿದ್ದೆವು.

ಆ ಬಿದಿರ ನಳಿಗೆಯ ತುದಿಗೆ ಒಂದು ಬಾಯಿ ಇತ್ತು. ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ತುಸು ಹೊಟ್ಟೆ ಬಿಟ್ಟ ಗುಂಡು ತುಂಡು, ಕೆನೆಬಣ್ಣ. ಎಲುಬಿನದು. ಸವಣೂರಿನ ಸಂತೆಯಲ್ಲಿ ಅತ್ತಾರನ ಹತ್ತಿರ ಕೊಂಡದ್ದೆಂದು ಅಜ್ಜ ಹೇಳುತ್ತಿದ್ದ. ನವಾಬರ ಊರು, ಹುಕ್ಕಾದ ಸಾಮಾನಿಗೆ ಅಲ್ಲಿ ಕೊರತೆಯೇ? ಬಿದಿರನ್ನು ನೇರ ಬಾಯಿಗಿಟ್ಟರೆ ಎಂಜಲಿಗೆ ತೊಯ್ದು ನಾರುಬಿಡುತ್ತದೆ, ತುಟಿಗೆ ಸಿಬಿರು ಚುಚ್ಚುತ್ತದೆ. ಎಲುಬಿಗೆ ಆ ಕಾಟವಿಲ್ಲ. ಆದರೆ ನಮ್ಮದು ಲಿಂಗಾಯತರ ಮನೆ. ಅಜ್ಜಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ.

“ಎಲುಬಿಲ್ಲದ ನಾಲಿಗಿಗೆ ಎಲುಬಿನ ಆಸರ ಯಾಕ ಬೇಕಾತು? ಆ ಸುಡುಗಾಡ ಹಿಡ್ಕೊಂಡು ನನ್ನ ಒಲಿ ಕಡೆ ಬರಬ್ಯಾಡ್ರಿ.”

ಅಜ್ಜ ಎದುರು ಹೇಳುತ್ತಿರಲಿಲ್ಲ. ಕೆಂಡ ಬೇಕಾದರೆ ನನ್ನನ್ನು ಕಳಿಸುತ್ತಿದ್ದ. ಪಡಸಾಲೆಯ ಹೊಸ್ತಿಲೇ ಆ ಎಲುಬಿಗೆ ಗಡಿ.

ಇಂದು ಅಜ್ಜಿ ಇದ್ದಿದ್ದರೆ ಎರಡು ಮಾತು ಅವಳ ಮುಂದಿಡುತ್ತಿದ್ದೆ. ಒಂದು, ತಂಬೂರಿಯದು. ಧಾರವಾಡದ ಕಡೆ ತಂಬೂರಿಯ ನಾದ ಕಿವಿಗೆ ಬೀಳದ ಮನೆ ಕಡಿಮೆ. ಆ ತಂತಿಗಳು ಯಾವುದರ ಮೇಲೆ ಕೂತಿರುತ್ತವೆ? ಕುದುರೆಯ ಮೇಲೆ. ಕುದುರೆಯನ್ನು ಮರದಲ್ಲೂ ಮಾಡುತ್ತಾರೆ, ಆದರೆ ತಂಬೂರಿ, ಸಿತಾರಗಳಿಗೆ ಹಿಂದಿನಿಂದ ದಂತ, ಜಿಂಕೆಯ ಕೊಂಬು, ಒಂಟೆಯ ಎಲುಬುಗಳನ್ನೂ ಬಳಸುತ್ತ ಬಂದಿದ್ದಾರೆ. ತಂತಿ ಉಜ್ಜಿದರೂ ಬೇಗ ಸವೆಯದು, ನಾದ ಮಿನುಗುತ್ತದೆ. ಬೆಳಗಿನ ಪೂಜೆಯ ಹೊತ್ತಿಗೆ ಶ್ರುತಿ ಹಿಡಿಯುವುದು ಎಲುಬು, ಸಂಜೆ ಅಜ್ಜನ ಬಾಯಲ್ಲಿದ್ದರೆ ಮೈಲಿಗೆ. ಅಜ್ಜಿಯ ತರ್ಕ ನನಗೆ ಅರ್ಥವಾಗುತ್ತದೆ, ಕಿವಿ ಬೇರೆ, ಬಾಯಿ ಬೇರೆ. ಆದರೂ ಕೇಳುತ್ತಿದ್ದೆ.

ಇನ್ನೊಂದು, ಚರಕ ಸಂಹಿತೆಯದು. ತಂಬಾಕು ನಮ್ಮ ನೆಲ ಕಾಣುವುದಕ್ಕೆ ಶತಮಾನಗಳ ಮೊದಲೇ ನಮ್ಮಲ್ಲಿ ಔಷಧದ ಹೊಗೆ ಸೇದುತ್ತಿದ್ದರು. ಚಂದನ, ಏಲಕ್ಕಿ, ಲಾಮಂಚ ಮುಂತಾದವನ್ನು ಅರೆದು, ಬತ್ತಿ ಮಾಡಿ, ಒಣಗಿಸಿ, ತುಪ್ಪ ಸವರಿ ಹೊತ್ತಿಸುವುದು. ಸೇದುವ ಕೊಳವೆಗೆ ಧೂಮನೇತ್ರ ಎಂದು ಹೆಸರು. ನಿತ್ಯದ ಹೊಗೆಗೆ 36 ಅಂಗುಲ, ಸ್ನಿಗ್ಧ ಹೊಗೆಗೆ 32, ತಲೆಯ ಕಫ ಇಳಿಸುವ ಹೊಗೆಗೆ 24. ಸೇದುವವನ ಬೆರಳಿನಿಂದಲೇ ಅಳತೆ. ಕೊಳವೆ ನೆಟ್ಟಗಿರಬೇಕು, ಮೂರು ಗಂಟಿರಬೇಕು, ತುದಿಯ ತೂತು ಬೋರೆಹಣ್ಣಿನ ಬೀಜದಷ್ಟಿರಬೇಕು. ಯಾವುದರಿಂದ ಮಾಡಬೇಕು? ಬಸ್ತಿ ಚಿಕಿತ್ಸೆಯ ಕೊಳವೆಗೆ ಹೇಳಿದ ವಸ್ತುಗಳೇ ಇದಕ್ಕೂ ಎನ್ನುತ್ತದೆ ಗ್ರಂಥ. ಆ ಪಟ್ಟಿ ತೆಗೆದು ನೋಡಿದರೆ ಚಿನ್ನ, ಬೆಳ್ಳಿ, ತವರ, ತಾಮ್ರ, ಹಿತ್ತಾಳೆ, ಕಂಚು, ಕಬ್ಬಿಣ, ಮರ, ಬಿದಿರು, ದಂತ, ಜೊಂಡು, ಕೊಂಬು, ರತ್ನ, ಮತ್ತೆ ಅಸ್ಥಿ. ಎಲುಬು! ಅಜ್ಜನ ಪರವಾಗಿ ಸಾಕ್ಷಿ ಹೇಳಲು ಸಾಕ್ಷಾತ್ ಚರಕರೇ ಇದ್ದರು, ಪಾಪ, ಅವನಿಗೆ ಗೊತ್ತಿರಲಿಲ್ಲ.

ಆ ಗ್ರಂಥ ಕೊಡುವ ಕಾರಣ ಇನ್ನೂ ಸೊಗಸು. ಹೊಗೆ ದೂರದಿಂದ ಬರಬೇಕು, ಗಂಟುಗಳಲ್ಲಿ ತಡೆದು ತಡೆದು ಬರಬೇಕು, ಕೊಳವೆಯಲ್ಲಿ ಸಣ್ಣಗಾಗಬೇಕು, ಆಗ ಅದು ಇಂದ್ರಿಯಗಳನ್ನು ನೋಯಿಸುವುದಿಲ್ಲ. ಕೊಳವೆಗೆ ಉದ್ದ ಯಾಕೆ ಬೇಕು ಎಂಬುದನ್ನು ಇದಕ್ಕಿಂತ ಚೊಕ್ಕಟವಾಗಿ ನಾನು ಯಾವ ತರಗತಿಯಲ್ಲೂ ಹೇಳಲಾರೆ.

ತಂಬಾಕಿನ ಮಾತಿಗೆ ಬಂದರೆ, ಮೊಗಲರ ಆಸ್ಥಾನಕ್ಕೆ ಅದು ಹೋದದ್ದು ನಮ್ಮ ವಿಜಯಪುರದಿಂದ. ಅಕ್ಬರನ ದೂತನಾಗಿ ಅಸದ್ ಬೇಗ್ ಎಂಬವನು ಎರಡನೇ ಇಬ್ರಾಹಿಂ ಆದಿಲಶಾಹಿಯ ಬಳಿ ಬಂದಿದ್ದ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಮುದ್ದಿಸಿದ ಸುಲ್ತಾನ ಅವನು. ಹಿಂದೂಸ್ತಾನದಲ್ಲಿ ಬೇರೆಲ್ಲೂ ಕಾಣದ ತಂಬಾಕನ್ನು ಅಸದ್ ಬೇಗ್ ವಿಜಯಪುರದಲ್ಲಿ ಕಂಡ. ಕಂಡವನು ಬರೀ ಎಲೆ ಕೊಂಡು ಹೋಗಲಿಲ್ಲ, ಒಂದು ಚಂದದ ಕೊಳವೆ ಕಟ್ಟಿಸಿದ. ಮೂರು ಮೊಳ ಉದ್ದದ ನಳಿಗೆ, ಸುಮಾತ್ರದ ಅಚೀನಿನಿಂದ ತರಿಸಿದ್ದು, ಹದವಾಗಿ ಒಣಗಿಸಿ ಬಣ್ಣ ಹಾಕಿದ್ದು. ಎರಡು ತುದಿಗೂ ರತ್ನ, ಮೀನಾಕಾರಿ. ಬಾಯಿಗೆ ಯೆಮನ್ ದೇಶದ ಅಕೀಕ ಕಲ್ಲು, ಮೊಟ್ಟೆಯಾಕಾರದ್ದು. ಹೊತ್ತಿಸಲು ಚಿನ್ನದ ಸಾಧನ. ನಳಿಗೆ ಇಡಲು ಬೆಳ್ಳಿಯ ಕೋಶ, ಅದಕ್ಕೆ ಮಖಮಲ್ಲಿನ ಹೊದಿಕೆ. ತಂಬಾಕು ತುಂಬಿದ್ದು ಆದಿಲಶಾಹಿ ಉಡುಗೊರೆ ಕೊಟ್ಟ ಎಲೆಯಡಿಕೆಯ ಸಂಚಿಯಲ್ಲಿ. ಇದನ್ನೆಲ್ಲ ಅವನೇ ಬರೆದಿಟ್ಟಿದ್ದಾನೆ. ಆಗ್ರಾದಲ್ಲಿ ಬೆಳ್ಳಿಯ ತಟ್ಟೆಯಲ್ಲಿಟ್ಟು ಒಪ್ಪಿಸಿದಾಗ ಮುದಿ ಅಕ್ಬರ ಕುತೂಹಲಕ್ಕೆ ಒಂದೆರಡು ದಮ್ಮು ಎಳೆದ, ಹಕೀಮ ಬೇಡವೆಂದು ತಡೆದ. 1605ಕ್ಕೆ ಅಕ್ಬರ ತೀರಿಕೊಂಡ. 1617ರಲ್ಲಿ ಮಗ ಜಹಾಂಗೀರ ತಂಬಾಕನ್ನೇ ನಿಷೇಧಿಸಿದ. ಜಪಾನಿನಲ್ಲಿ ಆದಂತೆಯೇ ಇಲ್ಲಿಯೂ ಆಯಿತು.

ನನ್ನನ್ನು ಹಿಡಿದದ್ದು ಆ ಅಚೀನಿನ ನಳಿಗೆ. ವಿಜಯಪುರದ ಸುತ್ತ ಬಿದಿರು ಜೊಂಡು ಇರಲಿಲ್ಲವೇ? ಆದರೂ ಸಮುದ್ರದಾಚೆಯಿಂದ ತರಿಸಿದ್ದು. ಜಪಾನಿನಲ್ಲಿ ಎಲ್ಲಿ ನೋಡಿದರೂ ಬಿದಿರು, ಆದರೂ ಕೊಳವೆಗೆ ಲಾವೋಸಿನ ಹೆಸರು. ನೆಟ್ಟಗೆ, ಒಳಗೆ ಒಂದೇ ಸಮ ಟೊಳ್ಳಾಗಿ, ಗಂಟಿನಿಂದ ಗಂಟಿಗೆ ಬೇಕಾದಷ್ಟು ಉದ್ದವಿದ್ದು, ಬಿಸಿಗೆ ಬಿರಿಯದ ಒಂದು ಕೊಳವೆ ಸಿಗುವುದು ಸುಲಭವಲ್ಲ. ಬಲ್ಲವರು ಅದನ್ನು ಹುಡುಕಿಕೊಂಡು ಲೋಕವನ್ನೇ ಸುತ್ತಿದ್ದಾರೆ. ತುರ್ಕಿಯವರು ಚೆರ್ರಿ ಮರದ ಕೊಂಬೆ, ಮಲ್ಲಿಗೆಯ ಕಾಂಡಗಳನ್ನು ಕೊರೆದು ಆಳುದ್ದದ ಕೊಳವೆ ಮಾಡಿ, ಬಾಲ್ಟಿಕ್ ಸಮುದ್ರದ ಅಂಬರನ್ನು ಬಾಯಿಗಿಟ್ಟರು. ಅಂಬರು ಎಂದರೆ ಕಲ್ಲಾದ ಮರದ ರಾಳ, ತುಟಿಗೆ ತಣ್ಣಗೆ ಕೊರೆಯುವುದಿಲ್ಲ. ಉತ್ತರ ಧ್ರುವದ ಕಡೆಯವರಿಗೆ ಮರವೇ ಅಪರೂಪ, ವಾಲ್ರಸ್ಸಿನ ದಂತ ಕೊರೆದರು.

ಇನ್ನು ಹಡಗಿನ ನಾವಿಕರು. ತಿಂಗಳುಗಟ್ಟಲೆ ನೀರಿನ ಮೇಲಿರುವವರಿಗೆ ಬಿದಿರೆಲ್ಲಿ ಬರಬೇಕು? 19ನೇ ಶತಮಾನದಲ್ಲಿ ದಕ್ಷಿಣ ಸಮುದ್ರಗಳಲ್ಲಿ ಅವರು ಆಲ್ಬಟ್ರಾಸ್ ಹಕ್ಕಿಯನ್ನು ಹಿಡಿದು ಅದರ ರೆಕ್ಕೆಯ ಎಲುಬಿನಿಂದ ಪೈಪಿನ ಕೊಳವೆ ಮಾಡಿಕೊಂಡರು. ರೆಕ್ಕೆ ಬಿಚ್ಚಿದರೆ ಮೂರು ಮೀಟರಿಗೂ ಮೀರುವ ಹಕ್ಕಿ. ಹಾರಲೆಂದು ಪ್ರಕೃತಿ ಆ ಎಲುಬನ್ನು ಟೊಳ್ಳು ಮಾಡಿತು. ಉದ್ದ, ಹಗುರ, ನೆಟ್ಟಗೆ, ಕೊರೆಯುವ ಕೆಲಸವೂ ಇಲ್ಲ. ಕುಶಲಿಗನ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಕೊಳವೆ ಇಲ್ಲ ಎಂದು ಒಪ್ಪುತ್ತೇನೆ. ಆದರೆ ಗಾಳಿಯ ಮೇಲೆ ತೇಲಲು ಹುಟ್ಟಿದ ಎಲುಬಿನಲ್ಲಿ ಹೊಗೆ ಹಾಯಿಸಿದರಲ್ಲ ಎಂದು ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಟೋಕಿಯೋ ಆಡಳಿತಕ್ಕೇ ಸೇರಿದ, ದಕ್ಷಿಣಕ್ಕೆ ಬಹುದೂರದ ತೋರಿಶಿಮಾ ದ್ವೀಪದಲ್ಲಿ 1887ರಿಂದ ಈ ಕುಲದ ಹಕ್ಕಿಗಳನ್ನು ಗರಿಗಾಗಿ ಲಕ್ಷಗಟ್ಟಲೆ ಬಡಿದು ಕೊಂದರು. 1949ರಲ್ಲಿ ಸಂತತಿ ಮುಗಿಯಿತೆಂದೇ ಹೇಳಿದರು. 1951ರಲ್ಲಿ ಹತ್ತರಷ್ಟು ಹಕ್ಕಿಗಳು ಮತ್ತೆ ಕಂಡವು. ಅಲ್ಲಿಂದ ಕಾಪಾಡಿಕೊಂಡು ಬಂದು ಈಗ ಸಾವಿರಗಳಿಗೆ ಮುಟ್ಟಿಸಿದ್ದಾರೆ. ಆ ಸಂಗತಿ ಓದಿದ ರಾತ್ರಿ ನನಗೆ ಸಮಾಧಾನದ ನಿದ್ದೆ ಬಂತು.

ಕೊಲ್ಲದೆ ಸಿಗುವ ಎಲುಬೂ ಒಂದಿದೆ. ಜಿಂಕೆಯ ಕವಲುಕೊಂಬು. ಎಮ್ಮೆಯ ಕೋಡು ನಮ್ಮ ಉಗುರಿನ ಜಾತಿಯದು, ಕಾಯಿಸಿದರೆ ಮೆತ್ತಗಾಗಿ ಬಾಗುತ್ತದೆ, ಬಿಟ್ಟರೆ ಹುಳು ತಿನ್ನುತ್ತದೆ. ಜಿಂಕೆಯ ಕವಲುಕೊಂಬು ಮಾತ್ರ ಅಪ್ಪಟ ಎಲುಬು. ವರ್ಷಕ್ಕೊಮ್ಮೆ ತಾನಾಗಿ ಉದುರಿ ಮತ್ತೆ ಹುಟ್ಟುತ್ತದೆ. 19ನೇ ಶತಮಾನದ ಟೋಕಿಯೋದಲ್ಲಿ, ಅಸಾಕುಸಾ ಎಂಬಲ್ಲಿ, ಒಜಾಕಿ ಕೋಕುಸಾಯ್ ಎಂಬ ಕೆತ್ತನೆಗಾರ ಇದೇ ಕೊಂಬಿನಲ್ಲಿ ಕಿಸೆರುವಿನ ಕೋಶಗಳನ್ನೂ ಸೊಂಟಕ್ಕೆ ಸಿಕ್ಕಿಸುವ ಗುಂಡಿಗಳನ್ನೂ ಕೆತ್ತುತ್ತಿದ್ದ. ಕೊಂಬಿನ ಒಳಗಿನ ಸ್ಪಂಜಿನಂಥ ತೂತುಗಳನ್ನು ಬೇರೆಯವರು ಕೊರತೆಯೆಂದರೆ ಅವನು ಅದನ್ನೇ ಮೋಡ, ಅಣಬೆ ಮಾಡಿದ. ಅವನ ಮಗನೇ ಜಪಾನಿನ ಹೆಸರಾಂತ ಕಾದಂಬರಿಕಾರ ಒಜಾಕಿ ಕೋಯೋ. ನಮ್ಮಲ್ಲಿ ಉದುರಿದ ಜಿಂಕೆ ಕೊಂಬನ್ನೂ ಮಾರುವಂತಿಲ್ಲ. ಅದು ಸರಿಯೇ, ಉದುರಿದ್ದೋ ಉದುರಿಸಿದ್ದೋ ಯಾರು ಹೇಳಬೇಕು?

ಎಲುಬಿನ ಗುಣವೇನು ಎಂದು ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತಿದ್ದೆ. ಕೋಳಿಯ ಕಾಲಿನ ಎಲುಬನ್ನು ಆಮ್ಲದಲ್ಲಿ ಕೆಲವು ದಿನ ನೆನೆಹಾಕಿದರೆ ಸುಣ್ಣದ ಅಂಶವೆಲ್ಲ ಕರಗಿ ಬರೀ ನಾರು ಉಳಿಯುತ್ತದೆ, ಅದನ್ನು ಹಗ್ಗದಂತೆ ಗಂಟು ಹಾಕಬಹುದು. ಇನ್ನೊಂದನ್ನು ಕೆಂಡದಲ್ಲಿ ಸುಟ್ಟರೆ ನಾರು ಉರಿದು ಬರೀ ಸುಣ್ಣ ಉಳಿಯುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿ. ಎರಡೂ ಕೂಡಿದಾಗಲೇ ಎಲುಬು: ಗಟ್ಟಿಯೂ ಹೌದು, ತುಸು ಮಣಿಯುವುದೂ ಹೌದು. ಕೊಳವೆ ಮಾಡುವವರಿಗೆ ಇದೇ ಪಾಠ. ಸೋಡಾ ಹಾಕಿದ ನೀರಲ್ಲಿ ಮೆಲ್ಲಗೆ ಬೇಯಿಸಿ ಜಿಡ್ಡು ತೆಗೆಯಬೇಕು, ಇಲ್ಲದಿದ್ದರೆ ಮುಂದೆ ನಾರುತ್ತದೆ. ಹೆಚ್ಚು ಬೇಯಿಸಿದರೆ ನಾರು ಕರಗಿ ಸೀಳುತ್ತದೆ. ಕೊರೆಯುವಾಗ ಅವಸರ ಮಾಡಿದರೆ ಬಿಸಿಗೆ ಬಿರಿಯುತ್ತದೆ, ಆ ಧೂಳು ಎದೆಗೆ ಹೋಗಬಾರದು. ಹದವಾಗಿ ಮಾಡಿದ್ದು ಹೊಗೆಯ ಬಣ್ಣ ಕುಡಿಯುತ್ತ ಕುಡಿಯುತ್ತ ಕೆನೆಯಿಂದ ಬೆಣ್ಣೆ, ಬೆಣ್ಣೆಯಿಂದ ಜೇನು ಆಗುತ್ತದೆ. ದಂತವೋ ಎಲುಬೋ ಎಂಬ ಅನುಮಾನ ಬಂದರೆ ಭೂತಗನ್ನಡಿಯಲ್ಲಿ ನೋಡಬೇಕು. ಎಲುಬಿನಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ, ಜೀವವಿದ್ದಾಗ ರಕ್ತ ಹರಿದ ದಾರಿಗಳವು. ದಂತದಲ್ಲಿ ಅವಿಲ್ಲ, ಅಡ್ಡಡ್ಡ ಹೆಣೆದಂಥ ಗೆರೆಗಳಿರುತ್ತವೆ.

ಈ ಎಲ್ಲ ಪರಿಷೆಯನ್ನು ಮುಗಿಸಿದ್ದು ಗಂಧಕ. ನಿಹೋನಿಯಂ ರಸ್ತೆಯಲ್ಲಿ ಹದಿನಾರನೇ ಫಲಕ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಿದ್ಯೆಗೆ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ. ಗಂಧಕ ಹೆಚ್ಚು ಹಾಕಿದರೆ ರಬ್ಬರು ಕಲ್ಲಿನಂತೆ ಗಟ್ಟಿಯಾಗಿ ಎಬೊನೈಟ್ ಆಗುತ್ತದೆ. ಅಚ್ಚಿನಲ್ಲಿ ಒತ್ತಬಹುದು, ಬಾಗಿಸಬಹುದು, ಅಗ್ಗ. ಯುರೋಪಿನ ಪೈಪುಗಳ ಬಾಯಿಯಿಂದ ಎಲುಬು, ಕೋಡು, ಅಂಬರು ಎಲ್ಲ ಒಂದೊಂದಾಗಿ ಇಳಿದು ಹೋದವು. ಎಲುಬು ಕೆಲಕಾಲ ಕೊಳವೆ ಮತ್ತು ಬಟ್ಟಲನ್ನು ಕೂಡಿಸುವ ತಿರುಪಾಗಿ ಒಳಗೆ ಅಡಗಿ ಕೂತಿತ್ತು, ಆಮೇಲೆ ಅದೂ ಹೋಯಿತು. ಎಬೊನೈಟನ್ನು ಬಿಸಿಲಿಗಿಟ್ಟರೆ ಗಂಧಕ ಮೇಲೆ ಬಂದು ಹಸಿರು-ಹಳದಿ ಆಗಿ ಕಹಿಯಾಗುತ್ತದೆ. ಎಲುಬು ವಯಸ್ಸಾದಂತೆ ಚಂದವಾಗುತ್ತದೆ, ಎಬೊನೈಟ್ ಹಾಗಲ್ಲ. ಇದರಲ್ಲಿ ನಾನು ಎಲುಬಿನ ಪಕ್ಷ.

ಹೊಸ ಬಿದಿರು ಸಿಕ್ಕಿತು. ಅಳಿಯಂದಿರು ಎಲ್ಲಿಂದಲೋ ತರಿಸಿದರು. ತುದಿಗಳನ್ನು ಚಾಕುವಿನಿಂದ ಎಳೆ ಎಳೆಯಾಗಿ ಹೆರೆದು, ಕಾಗದ ಸುತ್ತಿ, ಹಬೆಯಲ್ಲಿ ಕಾದ ಹಿತ್ತಾಳೆಯೊಳಗೆ ಒತ್ತಿ ತಿರುವಿದೆ. ಲೋಹ ತಣಿದು ಕುಗ್ಗಿ ಬಿದಿರನ್ನು ಕಚ್ಚಿ ಹಿಡಿಯಿತು. ಮೊಮ್ಮಗ ಊದಿ ನೋಡಿ, “ಗಾಳಿ ಹೊಂಟೈತಿ ಅಜ್ಜಾ” ಎಂದ. ತಂಬಾಕು ತುಂಬುವ ಮಾತೇ ಇಲ್ಲ. ಕಿಟಕಿಯ ಬಳಿ ಇಟ್ಟೆವು.

ಆಮೇಲೆ ಚೀಲದ ಸರದಿ. ಚರ್ಮದ ತಂಬಾಕಿನ ಚೀಲ, ಬಾಯಿಗೆ ದಾರ, ದಾರದ ಮೇಲೆ ಹಿಂದೆ ಮುಂದೆ ಸರಿಯುವ ಒಂದು ಮಣಿ. ಓಜಿಮೆ ಎನ್ನುತ್ತಾರೆ. ಮಣಿಯನ್ನು ಕೆಳಗೆ ಸರಿಸಿದರೆ ಚೀಲದ ಬಾಯಿ ಬಿಗಿ, ಮೇಲೆ ಸರಿಸಿದರೆ ಸಡಿಲ. ಮೊಮ್ಮಗ ಅದನ್ನು ಸರಕ್, ಸರಕ್ ಎಂದು ಆಡಿಸುತ್ತಿದ್ದ. ನಾನು ನೋಡುತ್ತಲೇ ಕೂತೆ. ಆ ಸಪ್ಪಳ ನನಗೆ ಗೊತ್ತಿತ್ತು. ಅಜ್ಜಿಯ ಎಲೆಯಡಿಕೆ ಸಂಚಿ. ಖಣದ ಬಟ್ಟೆಯ ಸಂಚಿಗೆ ಎರಡು ದಾರ, ದಾರದ ಮೇಲೆ ಒಂದು ಕಂದು ಮಣಿ. ಉದ್ದನೆಯ, ತುಸು ಹೊಟ್ಟೆ ಬಿಟ್ಟ ಮಣಿ. ಅಜ್ಜ ಹೋದ ಮೇಲೆ ಗುಡುಗುಡಿಯ ಕರಟ ಒಡೆದು ಹೋಯಿತು, ನಳಿಗೆ ಒಲೆಗೆ ಹೋಯಿತು ಎಂದಷ್ಟೇ ನನಗೆ ನೆನಪು. ಬಾಯಿ ಏನಾಯಿತೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ವಾಕೋದಲ್ಲಿ ರಾತ್ರಿ ಹತ್ತಾಗಿತ್ತು, ಊರಲ್ಲಿ ಆರೂವರೆ. ತಂಗಿಗೆ ಫೋನು ಹಚ್ಚಿದೆ. ಸಂಚಿ ಅವಳ ಟ್ರಂಕಿನಲ್ಲಿದೆ.

“ಐತಲ್ಲೋ ಯಣ್ಣಾ. ಆಯಿ ಸಂಚಿ ನಾ ಹೆಂಗ ಬಿಸಾಡಲಿ?”

“ದಾರದಾಗ ಮಣಿ ಐತೇನು ನೋಡು.”

ಟ್ರಂಕು ತೆಗೆದ ಸಪ್ಪಳ ಕೇಳಿಸಿತು. ಬಟ್ಟೆ ಸರಿಸಿದ್ದು ಕೇಳಿಸಿತು.

“ಐತಿ. ಜೇನಿನ ಬಣ್ಣ ಆಗೇತಿ.”

“ಬೆಳಕಿಗೆ ಹಿಡಿ. ಕರಿ ಚುಕ್ಕಿ ಅದಾವೇನು?”

“ಸಣ್ಣ ಸಣ್ಣವು ಅದಾವ. ಯಾಕೋ?”

ಯಾಕೆಂದು ಆಗ ಹೇಳಲು ನನ್ನ ಗಂಟಲು ಬಿಡಲಿಲ್ಲ. ತೂತು ಎಷ್ಟು ದೊಡ್ಡದಿದೆ ನೋಡು ಎಂದೆ. ಅವಳು ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ತಡಕಾಡಿ ಬಂದಳು.

“ನವಣಿ ಕಾಳು ಹಾಯತೈತಿ. ಜ್ವಾಳದ ಕಾಳು ಹಾಯಂಗಿಲ್ಲ.”